ನಿಮ್ಮ ಮನೆ ಮುಂದೆ ನಿಂತಿರುವ ಕಾರಿನ ವಿಷಯ

ಶ್ರೀಗಂಧದ ಕಾವಲ್, ಬೆಂಗಳೂರು
೬ ಜುಲೈ ೨೦೨೫, ಭಾನುವಾರ

ನಮ್ಮ ಮನೆಯ ದೀಪ ಚಿ. ಸೌ. ಸೌಂದರ್ಯಳಿಗೆ ನಿನ್ನ ಮಾವ ದೊಡ್ಡಣ್ಣ ಮಾಡುವ ಆಶೀರ್ವಾದ. ಮೊಮ್ಮಗಳು ಅನಘಾಳ ಎರಡೂ ಕೆನ್ನೆಗೆ ಮುತ್ತು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆ ಅಂತ ಕವನಾಳಿಗೆ ಹೇಳಿದೆ. ಅವಳು ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದಳು. ಸರಿ ಬಿಡು, ಕ್ಷೇಮದ ಮಾತು ಆಮೇಲೆ ನೋಡೋಣ ಎಂದೆ. ಈ ಕಾಗದದಲ್ಲಿ ಮಾತು ನನ್ನದು, ಕೈ ನಿನ್ನ ನಾದಿನಿಯದು. ನನ್ನ ಅಕ್ಷರ ನಿನಗೆ ಗೊತ್ತಲ್ಲ, ಕೋಳಿ ತಿಪ್ಪೆ ಕೆದಕಿದ ಹಾಗಿರುತ್ತದೆ. ಗಂಟಲು ಬೇರೆ ಕಟ್ಟಿದೆ, ಮಳೆಗಾಲದ ನೆಗಡಿ. ನಾನು ಪಿಸುಗುಟ್ಟುತ್ತೇನೆ, ಅವಳು ಬರೆಯುತ್ತಾಳೆ. ನಡುನಡುವೆ "ಅಪ್ಪಾ, ಇದೆಲ್ಲ ಯಾಕೆ ಈಗ?" ಅನ್ನುತ್ತಾಳೆ. ನೀನು ಬರಿಯಮ್ಮ ಸುಮ್ನೆ ಅನ್ನುತ್ತೇನೆ.

ಈ ಕಾಲದಲ್ಲಿ ಕಾಗದ ಬರೆಯುವವರು ಯಾರಿದ್ದಾರೆ ಎಂದು ನೀನು ನಗಬಹುದು. ನಕ್ಕರೆ ಒಳ್ಳೆಯದೇ. ನಿನ್ನ ಫೋನಿಗೆ ಮಾಡಿದರೆ ನಿಮ್ಮಣ್ಣ ಸಿದ್ದಲಿಂಗೇಶ್ ಎತ್ತಿ, "ಯಾರು? ಹಾ, ಗೊತ್ತಾತು," ಎಂದು ಇಟ್ಟುಬಿಡುತ್ತಾರೆ. ನಿನ್ನ ಗಂಡ ರೇವಂತ್ ಕಳಿಸಿದ ಮೆಸೇಜುಗಳು ಒಂದೇ ಟಿಕ್ಕಿನಲ್ಲಿ ನಿಂತಿವೆಯಂತೆ. ಒಂದು ಟಿಕ್ಕು ಎಂದರೆ ಬಾಗಿಲವರೆಗೆ ಹೋಗಿದೆ, ಒಳಗೆ ಕರೆದಿಲ್ಲ ಎಂದರ್ಥ ಅಂತ ಕವನಾ ವಿವರಿಸಿದಳು. ಅಂಚೆಯವನನ್ನು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ ಎಂಬ ಧೈರ್ಯದಿಂದ ಇದನ್ನು ಬರೆಸುತ್ತಿದ್ದೇನೆ.

ನಾನು ಕೇಳುವುದು ಒಂದೇ. ಆಷಾಢ ಮುಗಿದ ಮೇಲೆ ಮಗುವನ್ನು ಎತ್ತಿಕೊಂಡು ನಿನ್ನ ಮನೆಗೆ ಬಾ. ಅದಕ್ಕೆ ಮೊದಲು ಆ ಸೋಮವಾರ ಏನಾಯಿತು ಎಂಬುದನ್ನು ಕೇಳು. ಅವತ್ತು ಅಷ್ಟು ಜನರ ನಡುವೆ ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಬುಡದಿಂದ ಹೇಳುತ್ತೇನೆ. ಒಂದೂರಲ್ಲಿ ಒಬ್ಬ ಗೌಡನಿದ್ದ. ಅವನಿಗೊಂದು ಎತ್ತು. ಸುತ್ತ ಹಳ್ಳಿಯಲ್ಲಿ ಅದರಷ್ಟು ಓಡುವ ಎತ್ತಿಲ್ಲ. ಆದರೆ ಅದಕ್ಕೊಂದು ಚಟ, ತನ್ನೂರ ಕೆರೆಯ ನೀರು ಬಿಟ್ಟು ಬೇರೆ ನೀರಿಗೆ ಬಾಯಿ ಇಡುತ್ತಿರಲಿಲ್ಲ. ಗೌಡ ನೆಂಟರ ಊರಿಗೆ ಹೊರಟರೆ ಗಾಡಿ ತುಂಬ ನೀರಿನ ಕೊಡ, ಹೆಂಡತಿ ಮಕ್ಕಳು ಹಿಂದೆ ನಡೆದುಕೊಂಡು. ನಮ್ಮಜ್ಜಿ ಈ ಕಥೆ ಹೇಳಿದಾಗ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಆ ಎತ್ತು ನನ್ನ ಮಗನ ತಲೆಯೊಳಗಿಂದ ಎದ್ದು ಬಂದು ನಮ್ಮ ಶೆಡ್ಡಿನಲ್ಲಿ ನಿಲ್ಲುತ್ತದೆ ಎಂದು ಯಾರು ಕಂಡಿದ್ದರು!

ಕಾರಿನ ಹುಚ್ಚು ರೇವಂತನಿಗೆ ಮೊದಲಿಂದ ಇತ್ತು, ನೀನು ಕೈಹಿಡಿಯುವಾಗಲೇ ನೋಡಿದ್ದೆ. ಕೆಂಗೇರಿಯ ಗ್ಯಾರೇಜಿಗೆ ಜನ ಬರುವುದೇ ಅವನ ಕೈಗುಣಕ್ಕೆ. ಆ ಟರ್ಬೊ ಕಾರಿಗೆ ಪೆಟ್ರೋಲ್ ಬಿಡಿಸಿ ಎಥನಾಲ್ ಕುಡಿಸುತ್ತೇನೆ ಎಂದಾಗ ನಾನು ಕೇಳಿದೆ, ಅದೇನಪ್ಪ ಅದು ಎಂದು. "ಕಬ್ಬಿಂದ ಮಾಡ್ತಾರಪ್ಪಾ. ಎಂಜಿನ್ ತಣ್ಣಗಿರುತ್ತೆ, ಪವರ್ ಜಾಸ್ತಿ ಬರುತ್ತೆ, ಹೊಗೆ ಕಮ್ಮಿ. ನಮ್ ದೇಶದ್ದೇ ಎಣ್ಣೆ," ಎಂದ. ಕಬ್ಬಿನದು ಎಂದ ಮೇಲೆ ನನಗೂ ಪ್ರೀತಿ ಬಂತು. ಪೈಪು, ಪಂಪು ಎಲ್ಲ ಬದಲಾಯಿಸಿದ. ಲ್ಯಾಪ್‌ಟಾಪ್ ಸಿಕ್ಕಿಸಿ ಎಂಜಿನ್ನಿಗೆ ಪಾಠ ಹೇಳಿಕೊಟ್ಟ. ಒಂದು ಭಾನುವಾರ ಬೆಳಿಗ್ಗೆ ರಿಂಗ್ ರಸ್ತೆಯಲ್ಲಿ ನನ್ನನ್ನು ಕೂರಿಸಿಕೊಂಡು ತುಳಿದನಮ್ಮ, ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು, ಟೋಪಿ ಹಿಂದಿನ ಸೀಟಿಗೆ ಹೋಯಿತು. ಸುಳ್ಳು ಹೇಳುವುದಿಲ್ಲ, ಖುಷಿಯಾಯಿತು. ಮನೆಗೆ ಬಂದ ಮೇಲೆ ಬೈದೆ, ಅದು ಬೇರೆ.

ಆಮೇಲೆ ಅದರ ಕಷ್ಟ ಒಂದೊಂದಾಗಿ ಹೊರಬಂತು. ಪೆಟ್ರೋಲಿನಲ್ಲಿ ಹೋಗುತ್ತಿದ್ದಷ್ಟು ದೂರ ಹೋಗಲು ಇದು ಅದರ ಒಂದೂವರೆಯಷ್ಟು ಕುಡಿಯುತ್ತದೆ. ನಮ್ಮ ಕಡೆ ಅದು ಸಿಗುವುದು ಒಂದೇ ಬಂಕಿನಲ್ಲಿ. ಅಲ್ಲಿ ಹೋದರೆ ಎಷ್ಟೋ ಸಲ, "ಸ್ಟಾಕ್ ಇಲ್ಲ ಸಾರ್, ನಾಳೆ ಬನ್ನಿ." ಹಾಗಾಗಿ ಸಿಕ್ಕಾಗ ಡಬ್ಬಕ್ಕೆ ತುಂಬಿಸಿ ಶೆಡ್ಡಿನಲ್ಲಿ ಇಡುವುದು. ಗಾಳಿಯಲ್ಲಿ ಬಿಟ್ಟರೆ ನೀರು ಹೀರಿಕೊಂಡು ಕೆಡುತ್ತದಂತೆ, ಅದಕ್ಕೆ ಉಪ್ಪಿನಕಾಯಿ ಭರಣಿಯ ಹಾಗೆ ಮುಚ್ಚಳ ಬಿಗಿಯಬೇಕು. ಎಷ್ಟು ಬಿಗಿದರೂ ವಾಸನೆ ಮಾತ್ರ ನಿಲ್ಲದು. ಪಕ್ಕದ ಮನೆಯ ಬೈರಯ್ಯ ಕಾಂಪೌಂಡ್ ಮೇಲಿಂದ ಕತ್ತು ಹಾಕಿ, "ಏನ್ ದೊಡ್ಡಣ್ಣ, ಭಟ್ಟಿ ಇಟ್ಟಿದ್ಯಾ? ನಮಗೂ ಒಂದ್ ಲೋಟ ಕೊಡಪ್ಪ," ಎನ್ನುತ್ತಿದ್ದ. ನೀನು ಒಳಗೆ ನಿಂತು ಸೆರಗು ಬಾಯಿಗಿಟ್ಟು ನಗುತ್ತಿದ್ದೆ. ನೆನಪಿದೆಯಾ?

ಚಳಿಗೆ ಅದು ಏಳುವುದಿಲ್ಲ ಎಂಬುದು ಎಲ್ಲಕ್ಕಿಂತ ದೊಡ್ಡ ಕಷ್ಟ. ಡಿಸೆಂಬರಿನಲ್ಲಿ, ಏಳು ತಿಂಗಳ ಬಸುರಿ ನೀನು ತವರಿಗೆ ಹೊರಟ ಬೆಳಿಗ್ಗೆ, ಆ ಕಾರು ಕೆಮ್ಮಿತು, ಗುರುಗುಟ್ಟಿತು, ಏಳಲಿಲ್ಲ. ರೇವಂತ್ ಬಾನೆಟ್ ಎತ್ತಿ ಪೆಟ್ರೋಲ್ ಚಿಮುಕಿಸುತ್ತಿದ್ದ. ನಿಮ್ಮಣ್ಣ ಕೈಗಡಿಯಾರ ನೋಡಿ, "ರಾಹುಕಾಲ ಬರ್ತೈತಿ, ನಮ್ಮ ಗಾಡಿ ಹತ್ತು," ಎಂದರು. ನೀನು ಅವರ ಕಾರು ಹತ್ತಿ, ಕಿಟಕಿ ಇಳಿಸಿ ನನ್ನ ಮಗನಿಗೆ ಒಂದು ಮಾತು ಹೇಳಿದೆ. "ನನ್ನನ್ನೂ ಕೂಸನ್ನೂ ಕರಕೊಂಡು ಹೋಗಾಕೆ ಇದೇ ಗಾಡಿ ತಗೊಂಡು ದಾವಣಗೆರೆಗೆ ಬರ್ರಿ ನೋಡೋಣ. ಅವಾಗ ಇದನ್ನ ಕಾರು ಅಂತೀನಿ." ನೀನು ತಮಾಷೆಗೆ ಹೇಳಿದ್ದೆ. ನಿನ್ನ ಕಣ್ಣಲ್ಲಿ ನಗು ಇದ್ದದ್ದು ನಾನು ನೋಡಿದೆ. ಅವನು ಬಾನೆಟ್ ಕೆಳಗೆ ತಲೆ ಇಟ್ಟಿದ್ದ, ಅವನಿಗೆ ಬರೀ ಮಾತು ಕೇಳಿಸಿತು.

ಅಲ್ಲಿಂದ ಅವನಿಗೆ ಅದೇ ಜಪ. ಕೂಸಿಗೆ ಐದನೇ ತಿಂಗಳು ಬಿತ್ತು, ಆಷಾಢಕ್ಕೆ ಮುಂಚೆ ಒಂದು ಸೋಮವಾರ ಒಳ್ಳೆಯದಿದೆ ಎಂದು ನಿಮ್ಮ ತಂದೆ ಹೇಳಿ ಕಳಿಸಿದರು. ನಾನು, "ಟ್ಯಾಕ್ಸಿ ಮಾಡ್ಕೊಂಡ್ ಹೋಗಣ ಕಣೋ, ಬಾಣಂತಿ, ಎಳೇ ಮಗು," ಎಂದೆ. ನಿನ್ನ ಅತ್ತೆ ಬೋರಮ್ಮನೂ ಹೇಳಿದಳು. "ಅವಳು ಕಾರಲ್ಲಿ ಬಾ ಅಂದವ್ಳೆ ಅಪ್ಪಾ. ಕಾರಲ್ಲೇ ಹೋಗೋದು," ಎಂದ. ಹಟ ಮಾಡುವವನು ಮಗುವಾದರೆ ಎತ್ತಿಕೊಂಡು ಹೋಗಬಹುದು. ಮೀಸೆ ಬಂದವನನ್ನು ಏನು ಮಾಡುವುದು? ನಾನೂ ಜೊತೆಗೆ ಹತ್ತಿದೆ.

ಹೋಗುವಾಗಿನ ಚಂದ ಏನು ಹೇಳಲಿ. ಅಷ್ಟು ಓಡುವ ಕಾರನ್ನು ಅವನು ಮದುವೆ ಮೆರವಣಿಗೆಯ ಕುದುರೆಯ ಹಾಗೆ ನಡೆಸಿದ. ಜೋರಾಗಿ ತುಳಿದರೆ ಎಣ್ಣೆ ಬೇಗ ಮುಗಿಯುತ್ತದಲ್ಲ, ಅದಕ್ಕೆ. ತುಮಕೂರು ದಾಟಿದ ಮೇಲೆ ಈರುಳ್ಳಿ ಲಾರಿಯೊಂದು ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿತು. ಕ್ಲೀನರ್ ಕಿಟಕಿಯಿಂದ ತಲೆ ಹಾಕಿ, "ಏನ್ ಗುರು, ಶೋಗೆ ಇಟ್ಕೊಂಡಿದ್ಯಾ?" ಎಂದ. ನನ್ನ ಮಗ ಹಲ್ಲು ಕಚ್ಚಿಕೊಂಡ. "ತಡಿ ಅಪ್ಪಾ, ಮಗು ಕರ್ಕೊಂಡ್ ಬರ್ಬೇಕಾದ್ರೂ ಹಿಂಗೇ ನಿಧಾನಕ್ಕೇ ಬರ್ತೀನಿ. ಅಭ್ಯಾಸ ಆಗ್ಲಿ," ಎಂದ. ಆ ಮಾತಿಗೆ ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿಯಿತು ಕಣಮ್ಮ.

ಚಿತ್ರದುರ್ಗಕ್ಕೆ ಸ್ವಲ್ಪ ಮುಂಚೆ ಮುಳ್ಳು ಕೆಂಪಿಗೆ ಬಂತು. ಡಿಕ್ಕಿಯಲ್ಲಿ ಎರಡು ಡಬ್ಬ ಇಟ್ಟಿದ್ದೆವು, ಹೋಗಲು ಒಂದು ಚಿಕ್ಕದು, ಬರಲು ಒಂದು ದೊಡ್ಡದು. ಬೇವಿನ ಮರದ ಕೆಳಗೆ ನಿಲ್ಲಿಸಿ ಚಿಕ್ಕ ಡಬ್ಬ ಟ್ಯಾಂಕಿಗೆ ಹಾಕಿದೆವು. ಹಾಕುವಾಗ ನನ್ನ ಅಂಗಿ, ಪಂಚೆ ಮೇಲೆ ಚೆಲ್ಲಿತು. ಅಷ್ಟೇ. (ಇಲ್ಲಿ ಕವನಾ ಪೆನ್ನು ನಿಲ್ಲಿಸಿ ಕೂತಳು. ಬರಿ ಎಂದೆ. ಬರೆದಳು.) ಅಲ್ಲಿಂದ ಮುಂದಿನ ದಾರಿ ನನಗೆ ಅಷ್ಟಾಗಿ ನೆನಪಿಲ್ಲ. ಗುಡ್ಡದ ಮೇಲೆ ಆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು, ನೋಡುತ್ತಾ ನೋಡುತ್ತಾ ತಲೆ ಸುತ್ತಿದ ಹಾಗಾಯಿತು. ಬಿಸಿಲು, ವಯಸ್ಸು.

ನಿಮ್ಮ ಮನೆ ಮುಂದೆ ಇಳಿದಾಗ ಹೊತ್ತು ಇನ್ನೂ ಮೀರಿರಲಿಲ್ಲ. ಅದೊಂದನ್ನು ನೀನು ಒಪ್ಪಬೇಕು. ನಿಮ್ಮ ತಾಯಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ನೀನು ಹಿಂದೆ, ಹಸಿರು ಸೀರೆ, ಕೂಸಿಗೆ ಕುಲಾವಿ. ಮೊಮ್ಮಗಳನ್ನು ಕಂಡ ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ಹೊಸ್ತಿಲು ಎಡವಿದೆ. ಸ್ವಲ್ಪ ಜಾಸ್ತಿ ಮಾತಾಡಿದೆ ಅಂತಲೂ ಕಾಣುತ್ತದೆ. ಜೋಗುಳ ಹಾಡಿದೆನಂತೆ, ಬೀದಿಗೆಲ್ಲ ಕೇಳುವ ಹಾಗೆ. ಮಗುವನ್ನು ಎತ್ತಿಕೊಳ್ಳಲು ಬಗ್ಗಿದಾಗ ಅದು ಮುಖ ಕಿವುಚಿ ಅತ್ತಿತು. ನಿಮ್ಮ ತಾಯಿ ಮೂಗಿಗೆ ಸೆರಗು ಹಿಡಿದರು.

"ಏನ್ರೀ ಬೀಗ್ರೆ, ಹಾಡಹಗಲಾಗೆ ಕುಡುದು ಬಂದೀರಲ್ರಿ!" ಎಂದರು ಸಿದ್ದಲಿಂಗೇಶ್.

ಆ ಮಾತು ನನ್ನ ಎದೆಗೆ ಹೇಗೆ ನಾಟಿತು ಎಂದು ನಿನಗೆ ತಿಳಿಯಬೇಕಾದರೆ ಇನ್ನೊಂದು ಹೇಳಬೇಕು. ನಿಮ್ಮ ಮದುವೆ ಮಾತಿನ ಕಾಲಕ್ಕೆ ನಮ್ಮದು ಮುದ್ದೆ, ಬಾಡಿನ ಮನೆ, ನಿಮ್ಮದು ರೊಟ್ಟಿ, ವಿಭೂತಿಯ ಮನೆ ಎಂದು ಎಷ್ಟು ಜನ ಕಡ್ಡಿ ಆಡಿಸಿದರು. ಆಗ ನಿಮ್ಮ ತಂದೆ ರೇವಣಸಿದ್ದಪ್ಪನವರು ನನ್ನನ್ನು ಎಡೆಯೂರಿಗೆ ಕರೆಸಿಕೊಂಡು, ಗುಡಿಯ ಅಂಗಳದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಕೇಳಿದರು, "ನೀವು ಏನಾರ ಉಣ್ರಿ, ಅದು ನಿಮ್ಮ ಪದ್ಧತಿ. ಕುಡಿಯೋದು ಐತೇನ್ರಿ ಮನೆಯಾಗೆ? ನಮ್ಮ ತಮ್ಮ ಅದರಾಗೆ ಹೋದ. ಅದೊಂದು ಹೇಳಿಬಿಡ್ರಿ." ನಮ್ಮಪ್ಪನ ಕಾಲದಿಂದ ಒಂದು ಹನಿ ನಮ್ಮ ಗಂಟಲಲ್ಲಿ ಇಳಿದಿಲ್ಲ, ಮುಂದೆಯೂ ಇಳಿಯುವುದಿಲ್ಲ ಎಂದು ಸಿದ್ಧಲಿಂಗೇಶ್ವರನ ಕಡೆ ಕೈ ಮುಗಿದು ಹೇಳಿದೆ. ಆ ಒಂದು ಮಾತಿನ ಮೇಲೆ ಅವರು ನಿನ್ನನ್ನು ಕೊಟ್ಟರು.

ಅವತ್ತು ಬಾಗಿಲಲ್ಲಿ ನಿಂತು ನಾನು ಕಾರಿನ ಎಣ್ಣೆ, ಕಾರಿನ ಎಣ್ಣೆ ಎಂದೆ. "ಎಣ್ಣೆ ಅನ್ನೋದು ನಮಗೂ ಗೊತ್ತೈತಿ ತಗೊಳ್ರಿ," ಎಂದು ಯಾರೋ ನಕ್ಕರು. ನನ್ನ ಮಗನಿಗಾದರೂ ಬುದ್ಧಿ ಬೇಡವೇ? ಕೈ ಮುಗಿದು ನಿಧಾನವಾಗಿ ಹೇಳುವುದು ಬಿಟ್ಟು, ಡಿಕ್ಕಿ ತೆಗೆದು ಎರಡನೇ ಡಬ್ಬವನ್ನು ಹೊತ್ತು ತಂದು ಆರತಿ ತಟ್ಟೆಯ ಪಕ್ಕದಲ್ಲೇ ಇಟ್ಟು, "ಮೂಸಿ ನೋಡಿ ಭಾವಾ, ಇದು ಹೈ ಆಕ್ಟೇನ್!" ಎಂದ. ಮುಚ್ಚಳ ತೆಗೆದದ್ದೇ ತಡ, ಇಡೀ ನಡುಮನೆ ಸಾರಾಯಿ ಅಂಗಡಿಯಾಯಿತು. "ಡಬ್ಬಗಟ್ಟಲೆ ತಂದಾರಪ್ಪ!" ಎಂದು ನಿಮ್ಮಣ್ಣ ಅದನ್ನು ಎತ್ತಿ ಚರಂಡಿಗೆ ಸುರಿದರು. ನಮ್ಮ ವಾಪಸು ದಾರಿ ಗಳಗಳ ಎಂದು ಹರಿದು ಹೋಗುವುದನ್ನು ನಾವಿಬ್ಬರೂ ನಿಂತು ನೋಡಿದೆವು.

ನಿಮ್ಮ ತಂದೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ನನ್ನ ಭುಜದ ಮೇಲೆ ಕೈ ಇಟ್ಟು, "ಬೀಗ್ರೆ, ಇವತ್ತು ಬ್ಯಾಡ್ರಿ. ಹೋಗಿ ಬರ್ರಿ," ಎಂದರು. ನೀನು ನನ್ನನ್ನು ನೋಡಿದೆ, ನಿನ್ನ ಗಂಡನನ್ನು ನೋಡಿದೆ, ಮಗುವನ್ನು ಎತ್ತಿಕೊಂಡು ಒಳಗೆ ಹೋದೆ.

ಟ್ಯಾಂಕಿನಲ್ಲಿ ಉಳಿದದ್ದು ಊರ ಹೊರಗಿನವರೆಗೂ ಸಾಲದು. ಪಕ್ಕದ ಬಂಕಿನಿಂದ ಪೆಟ್ರೋಲ್ ತಂದು ಹಾಕು ಎಂದೆ. "ಹಾಕಿದ್ರೆ ಎಂಜಿನ್ ಬಡ್ಕೊಂಡು ಒಡೆದೋಗುತ್ತಪ್ಪಾ. ಎಂಜಿನ್ನಿಗೆ ಹೇಳ್ಕೊಟ್ಟಿರೋ ಮ್ಯಾಪ್ ಚೇಂಜ್ ಮಾಡ್ಬೇಕು, ಲ್ಯಾಪ್‌ಟಾಪ್ ಗ್ಯಾರೇಜಲ್ಲಿದೆ," ಎಂದು ಅವನು ಸ್ಟೇರಿಂಗ್ ಮೇಲೆ ಹಣೆ ಇಟ್ಟ. ಬೇರೆಯವರ ಕಾರುಗಳಿಗೆ ಜೀವ ಕೊಡುವವನು, ತನ್ನ ಕಾರನ್ನು ಮಾವನ ಮನೆ ಎದುರು ಬಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಯಾರೂ ಕೂರಲಿಲ್ಲ, ಮೂಗು ಮುಚ್ಚಿಕೊಂಡು ಹಿಂದಕ್ಕೆ ಹೋದರು. ಬೆಂಗಳೂರಿನವರೆಗೆ ಕಾಲು ಚಾಚಿಕೊಂಡು ಬಂದೆವು.

ಮನೆಯಲ್ಲಿ ಬೋರಮ್ಮ ತೊಟ್ಟಿಲು ತೊಳೆದು, ತೊಲೆಗೆ ಹೊಸ ಹಗ್ಗ ಬಿಗಿದು, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿಸಿದ್ದಳು. ನಾವಿಬ್ಬರೇ ಇಳಿದು ಬಂದದ್ದು ನೋಡಿ, "ಹಿಂದೆ ಬತ್ತಾವ್ರಾ?" ಎಂದು ರಸ್ತೆ ಕಡೆ ನೋಡಿದಳು. ನಾನು ಬಚ್ಚಲಿಗೆ ಹೋಗಿ ತಲೆ ಮೇಲೆ ನೀರು ಸುರಿದುಕೊಂಡೆ.

ರೇವಂತ್ ಈಗ ಗ್ಯಾರೇಜಿಗೆ ಹೋಗುತ್ತಾನೆ, ಬರುತ್ತಾನೆ. ಲ್ಯಾಪ್‌ಟಾಪ್ ತಗೊಂಡ್ ಹೋಗಿ ಕಾರನ್ನಾದರೂ ತಗೊಂಡ್ ಬಾರೋ ಎಂದರೆ, "ಆ ಬೀದೀಲಿ ಯಾವ ಮುಖ ಇಟ್ಕೊಂಡ್ ಕಾಲಿಡ್ಲಿ?" ಎನ್ನುತ್ತಾನೆ. ಟ್ಯಾಕ್ಸಿಯಲ್ಲಿ ಹೋಗಿ ಅವಳ ಕಾಲಿಗಾದರೂ ಬೀಳು ಎಂದರೆ ಎದ್ದು ಶೆಡ್ಡಿಗೆ ಹೋಗುತ್ತಾನೆ. ಮಗನಿಗೆ ಹೇಳಿದರೆ ಕೇಳುವುದಿಲ್ಲ, ಬೀಗರಿಗೆ ಹೇಳಿದರೆ ನಂಬುವುದಿಲ್ಲ, ಬೋರಮ್ಮನಿಗೆ ಹೇಳಿದರೆ ಅಳುತ್ತಾಳೆ. ಊರಿನಲ್ಲಿ ಎಷ್ಟೋ ಜನರ ಜಗಳ ಕಟ್ಟೆ ಮೇಲೆ ಕೂತು ಬಿಡಿಸಿದವನು ನಾನು. ನನ್ನ ಮನೆಯದಕ್ಕೆ ತುದಿಯೇ ಸಿಗುತ್ತಿಲ್ಲ ತಾಯಿ.

ಆದ್ದರಿಂದ ಒಂದು ಕೆಲಸ ಮಾಡು. ಈ ಲಕೋಟೆಯಲ್ಲಿ ಕಾರಿನ ಕೀ ಇಟ್ಟು ಕಳಿಸುತ್ತೇನೆ. ಯಾರೂ ಇಲ್ಲದ ಹೊತ್ತು ನೋಡಿ ಹೊರಗೆ ಹೋಗಿ, ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡು. ನನ್ನ ಅಂಗಿಯಿಂದ ಬಂದ ವಾಸನೆಯೇ ಅಲ್ಲಿಂದಲೂ ಬರುತ್ತದೆ. ಆಮೇಲೆ ನಿಮ್ಮ ತಂದೆಯ ಕೈ ಹಿಡಿದು ಕರೆದುಕೊಂಡು ಹೋಗಿ ಅವರಿಗೂ ಮೂಸಿಸು. ಕಾರು ತಾನೇ ಸಾಕ್ಷಿ ಹೇಳಲಿ. ಆಣೆ ಇಟ್ಟು ಹೇಳಿ ಮಾವ ಎಂದು ಮಾತ್ರ ನನ್ನನ್ನು ಕೇಳಬೇಡ. ಆಷಾಢದಲ್ಲಿ ಆಣೆ ಇಡಬಾರದು.

ಶ್ರಾವಣ ಬಂದ ಮೇಲೆ ಒಂದು ಮಾತು ಹೇಳಿ ಕಳಿಸು. ಬಸ್ಸೋ, ರೈಲೋ, ಎತ್ತಿನ ಗಾಡಿಯೋ, ಯಾವುದರಲ್ಲಾದರೂ ಬರುತ್ತೇನೆ. ನನ್ನನ್ನು ಒಳಗೆ ಕರೆಯದಿದ್ದರೂ ಸರಿ, ಬೀದಿಯಲ್ಲೇ ನಿಂತಿರುತ್ತೇನೆ. ನೀನು ಮಗುವನ್ನು ಎತ್ತಿಕೊಂಡು ಹೊರಗೆ ಬಂದರೆ ಸಾಕು. ಕೂಸಿಗೆ ನೆಗಡಿ ಗಿಗಡಿ ಆಗದ ಹಾಗೆ ನೋಡಿಕೊ. ನಿಮ್ಮ ತಂದೆ ತಾಯಿಗೆ ನನ್ನ ನಮಸ್ಕಾರ ಹೇಳು, ಹೇಳಬಹುದು ಅನ್ನಿಸಿದರೆ.

ನಿನ್ನ ದಾರಿ ಕಾಯುವ ಮಾವ,
ದೊಡ್ಡಣ್ಣ

ತಾ.ಕ.: ಅತ್ತಿಗೆ, ಇದು ನಾನು, ಕವನಾ. ಅಪ್ಪ ಕೀ ಹುಡುಕಲು ಒಳಗೆ ಹೋಗಿದ್ದಾರೆ, ಅವರು ಬರುವಷ್ಟರಲ್ಲಿ ಬರೆಯಬೇಕು. ನಿಮ್ಮಣ್ಣ ಹೇಳಿದ್ದು ಸುಳ್ಳಲ್ಲ. ಅಪ್ಪ ಅವತ್ತು ನಿಜವಾಗಿಯೂ ಅಮಲಿನಲ್ಲಿದ್ದರು. ಚಿತ್ರದುರ್ಗದ ಹತ್ತಿರ ನಿಲ್ಲಿಸಿದಾಗ ಡಬ್ಬದಿಂದ ಎಣ್ಣೆ ಎತ್ತುವ ಕೈಪಂಪಿನ ರಬ್ಬರು ಆ ಎಥನಾಲ್‌ಗೇ ಊದಿಕೊಂಡು ಸಿಕ್ಕಿಹಾಕಿಕೊಂಡಿತ್ತಂತೆ. ಆಲಿಕೆ ಮನೆಯಲ್ಲೇ ಮರೆತಿದ್ದರು. ಮೊದಲು ನಮ್ಮ ತೋಟದ ಪಂಪ್‌ಸೆಟ್ಟಿಗೆ ಡೀಸೆಲ್ ಹಾಕುತ್ತಿದ್ದ ಹಾಗೆ ಪೈಪ್ ಇಟ್ಟು ಅಪ್ಪ ಬಾಯಲ್ಲಿ ಎಳೆದಿದ್ದಾರೆ. ಡೀಸೆಲ್ ನಿಧಾನವಾಗಿ ಬರುತ್ತಿತ್ತು, ಉಗಿಯಬಹುದಿತ್ತು. ಇದು ನೀರಿನ ಹಾಗೆ ನುಗ್ಗಿದೆ. ಪೈಪ್ ಜಾರಿ ಮತ್ತೆ ಮತ್ತೆ ಎಳೆಯಬೇಕಾಗಿ ಬಂದು, ಎಷ್ಟು ಒಳಗೆ ಹೋಯಿತೋ ಅವರಿಗೇ ಗೊತ್ತಿಲ್ಲ. ನೆಗಡಿಯೂ ಇಲ್ಲ ಏನೂ ಇಲ್ಲ ಅತ್ತಿಗೆ. ಬಾಯಿ, ಗಂಟಲು ಹುಣ್ಣಾಗಿದೆ, ರಾಗಿ ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿಲ್ಲ. ಚಂದ್ರಾ ಲೇಔಟಿನ ಡಾಕ್ಟರು ನೋಡಿ, "ಎಷ್ಟ್ ವರ್ಷದಿಂದ ಕುಡೀತೀರಾ ಯಜಮಾನ್ರೆ?" ಎಂದು ಕೇಳಿದರು. ಅಪ್ಪ ನನ್ನ ಮುಖ ನೋಡಿದರು.

ಹನಿ ಇಳಿಯುವುದಿಲ್ಲ ಎಂದು ದೇವರ ಮುಂದೆ ಹೇಳಿದ ಮಾತು ಮುರಿದುಹೋಯಿತು, ಹೇಗೆ ಇಳಿದರೂ ಇಳಿದದ್ದೇ ಎಂದು ಅವರ ಲೆಕ್ಕ. ಅದಕ್ಕೇ ನಿಮ್ಮ ತಂದೆಗೆ ತಿಳಿಯಬಾರದು ಎಂದು ರೇವಂತಣ್ಣನ ಬಾಯಿ ಕಟ್ಟಿದ್ದಾರೆ. ಅಣ್ಣ ನಿನ್ನೆ ತಡೆಯಲಾರದೆ ನನ್ನ ಹತ್ತಿರ ಹೇಳಿ ಅತ್ತ. ಮೊದಲು ಪೈಪ್ ಬಾಯಿಗೆ ಇಟ್ಟವನು ಅವನೇ ಅಂತೆ. ಅಪ್ಪ ಕಿತ್ತುಕೊಂಡು ಹೇಳಿದರಂತೆ, "ತತ್ತಾ ಇಲ್ಲಿ. ಮಾವನ ಮನೆ ಹೊಸ್ತಿಲು ದಾಟೋ ಬಾಯಿ ಕಣೋ ಅದು, ವಾಸನೆ ಬರ್ಬಾರ್ದು. ನಂದೇನು, ಮುದುಕನ ಬಾಯಿ, ಯಾರು ಮೂಸ್ತಾರೆ?"